ಹೊಯಿಗೆ ಭಜನೆಯ ಸ್ವರ್ಣಕ್ಕ

ಕಾಪುವಿನ ಮೀನು ಮಾರುಕಟ್ಟೆಯಲ್ಲಿ ಸ್ವರ್ಣಲತಾಳ ಹತ್ತಿರ ಚೌಕಾಸಿ ಮಾಡುವವರನ್ನು ಕಂಡರೆ ಊರಿಗೆ ಹೊಸಬರು ಎಂದು ತಿಳಿಯಬೇಕು. ಗೊತ್ತಿದ್ದವರು ಆ ತಂಟೆಗೆ ಹೋಗುವುದಿಲ್ಲ. ಬಂಗುಡೆಯ ಕಿವಿರು ಎತ್ತಿ ನೋಡಿ ಮುಖ ಸಿಂಡರಿಸಿದವರನ್ನು ಅವಳು ನೆನಪಿಟ್ಟುಕೊಳ್ಳುತ್ತಾಳೆ. ಮರುದಿನ ಬುಟ್ಟಿ ತುಂಬ ಮೀನಿದ್ದರೂ ಅವರ ಪಾಲಿಗೆ ಖಾಲಿ. ಇಂಥ ಹೆಂಗಸಿನ ಗಂಡನ ಕೈಯಿಂದ ಊರೆದುರು ಮೈಕ್ ಕಿತ್ತುಕೊಳ್ಳುವ ಮೊದಲು ಆ ಸುಕೇಶ್ ಒಂದು ಸಲ ಯೋಚಿಸಬೇಕಿತ್ತೋ ಬೇಡವೋ, ನೀವೇ ಹೇಳಿ.

ಗಂಡ ದೂಮಪ್ಪ, ಊರಿಗೆಲ್ಲ ದೂಮಣ್ಣ. ಕೈರಂಪಣಿಯವನು, ಅಂದರೆ ಕಡಲಿಗೆ ಬಿಟ್ಟ ಬಲೆಯನ್ನು ದಡದಲ್ಲಿ ನಿಂತು ಎಳೆಯುವ ತಂಡದವನು. ಅಲ್ಲಿ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು, ಯಜಮಾನ ಎಂದು ಬೇರೆ ಯಾರೂ ಇಲ್ಲ. ಶನಿವಾರ ಸಂಜೆ ಮಿಂದು, ಬಿಳಿ ಪಂಚೆ ಉಟ್ಟು, ಹಂಚಿನ ಮಾಡಿನ ಭಜನಾ ಮಂದಿರದಲ್ಲಿ ಅವನು ಕಂಚಿನ ತಾಳ ಹಿಡಿದು ಕೂತರೆ ಬಾಯಿ ಬಾರದವರೂ ಹಾಡುತ್ತಿದ್ದರು. ಊರಿನ ಮಕ್ಕಳಿಗೆಲ್ಲ ತಾಳ ಕಲಿಸಿದವನು ಅವನೇ. ಸುಕೇಶನಿಗೂ ಹಾಗೆಯೇ, ಹಿಂದೆ ಕೂತು ಎರಡೂ ಮಣಿಕಟ್ಟು ಹಿಡಿದು ಬಾರಿಸಿ ಬಾರಿಸಿ ಕಲಿಸಿದ್ದ.

ಸುಕೇಶ್ ದೊಡ್ಡವನಾದ. ದೋಣಿಗಳಾದವು, ಮಂಜುಗಡ್ಡೆಯ ಕಾರ್ಖಾನೆ ಆಯಿತು, ಮಂದಿರದ ಅಧ್ಯಕ್ಷನೂ ಆದ. ಆಮೇಲೆ ಒಬ್ಬ ದೊಡ್ಡ ನಾಯಕನ ಸ್ನೇಹವಾಯಿತು. ಹಂಚಿನ ಮಂದಿರ ಕೆಡವಿ ಕಲ್ಲಿನದು ಕಟ್ಟುವುದೆಂದೂ ಖರ್ಚೆಲ್ಲ ನಾಯಕರದ್ದೆಂದೂ ಅವನು ಸಭೆಯಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ದೂಮಣ್ಣ ಒಬ್ಬ ಎದ್ದು ನಿಂತ. ದುಡ್ಡು ಕೊಟ್ಟವನ ಹೆಸರು ಮೊದಲು ಕಲ್ಲಿನ ಮೇಲೆ ಬರುತ್ತದೆ, ಆಮೇಲೆ ಬಾಗಿಲಿಗೆ ಅವನ ಬಾವುಟ ಬರುತ್ತದೆ, ಕೊನೆಗೆ ಅವನ ಸಮಯ ನೋಡಿಕೊಂಡು ನಾವು ದೇವರನ್ನು ಕರೆಯಬೇಕಾಗುತ್ತದೆ ಎಂದ. ಜನ ನಕ್ಕರು. ಹಳೆಯ ಕಾಲದವನು ಎಂದರು.

ಅವನು ಹೇಳಿದ್ದು ತಿಂಗಳೊಳಗೆ ನಿಜವಾಯಿತು. ಒಂದು ಶನಿವಾರ ಭಜನೆಯ ನಡುವೆ ನಾಯಕನ ಕಾರು ಬಂತು. ದೂಮಣ್ಣ ಕಣ್ಣು ಮುಚ್ಚಿ ಹಾಡುತ್ತಿದ್ದ. ಹಾಡಿನ ಕೊನೆಯ ಚರಣ ಮಾತ್ರ ಬಾಕಿ ಇತ್ತು. ದೇವರ ಹೆಸರು ಹೇಳಿ ಮುಗಿಸುವುದು ಆ ಚರಣದಲ್ಲಿ, ಅದಿಲ್ಲದಿದ್ದರೆ ಹಾಡಿದ್ದು ಹಾಡಿದ ಹಾಗಲ್ಲ. ಸುಕೇಶ್ ಓಡಿ ಬಂದು, "ಸಾಕು ದೂಮಣ್ಣ, ಅವರಿಗೆ ಪುರುಸೊತ್ತಿಲ್ಲ" ಎಂದು ಕೈಯಿಂದ ಮೈಕ್ ಎಳೆದುಕೊಂಡ. ಊರಿಗೆ ಊರೇ ನೋಡಿತು. ದೂಮಣ್ಣ ತಾಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದ. ಆಮೇಲೆ ಅವನು ಹಾಡಲಿಲ್ಲ, ಮನೆಯಲ್ಲೂ ಇಲ್ಲ. ಮುಂದಿನ ಮಳೆಗಾಲಕ್ಕೆ ತೀರಿಕೊಂಡ. ಹೃದಯದ ತೊಂದರೆ ಎಂದು ಡಾಕ್ಟರು ಹೇಳಿದರು. ಸ್ವರ್ಣಕ್ಕ ಆ ಕಾಯಿಲೆಗೆ ಸುಕೇಶನ ಹೆಸರಿಟ್ಟಳು.

ಬೊಜ್ಜ, ಅಂದರೆ ಗಂಡನ ಉತ್ತರಕ್ರಿಯೆ, ಮುಗಿದ ಮೊದಲ ಶನಿವಾರ ಅವಳು ಒಂದು ದೀಪ ಮತ್ತು ಗಂಡನ ತಾಳ ಹಿಡಿದು ಕಡಲ ಕರೆಗೆ ಹೋದಳು. ಕೈರಂಪಣಿ ದೋಣಿ ಇಡುವ ಚಪ್ಪರದ ಕೆಳಗೆ, ಹೊಯಿಗೆಯ ಮೇಲೆ, ಬರಿಯ ಮರಳಲ್ಲೇ ಕೂತು ಹಾಡಿದಳು. ಮುಂದಿನ ವಾರ ಹಗ್ಗ ಎಳೆಯುವ ಮನೆಗಳ ಹೆಂಗಸರು ಬಂದರು. ಕಟ್ಟಡದ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದ ಲಕ್ಕವ್ವ ಬಂದಳು. ಅವಳನ್ನು ಮಂದಿರದ ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಅವಳ ಗಂಟಲೋ, ತೆರೆಯ ಸದ್ದನ್ನೂ ದಾಟಿ ಹೆದ್ದಾರಿಗೆ ಕೇಳಬೇಕು. ಇಲ್ಲಿಯ ಕಟ್ಟಳೆ ಸುಲಭ. ಕಾಣಿಕೆ ಡಬ್ಬಿ ಇಲ್ಲ, ರಶೀದಿ ಇಲ್ಲ, ಶಾಲು ಹೊದೆಸುವುದಿಲ್ಲ, ಬಾವುಟ ಇಲ್ಲ, ಮೈಕ್ ಅಂತೂ ಇಲ್ಲವೇ ಇಲ್ಲ. ನಾಯಕನ ಎದುರು ಪಕ್ಷದವರು ಮೂಗು ತೂರಿಸಿ, ಚಪ್ಪರಕ್ಕೆ ಹೊಸ ಶೀಟು ಹಾಕಿಸಿಕೊಡುತ್ತೇವೆ ಎಂದು ಬಂದರು. "ಮಾಡು ಬೇಡ ಮಾರಾಯ್ರೆ. ಮಾಡು ಬಂದರೆ ಅದರ ಹಿಂದಿನಿಂದ ನೀವೂ ಬರ್ತೀರಿ" ಎಂದು ಅಲ್ಲಿಂದಲೇ ಅಟ್ಟಿದಳು.

ಮಂದಿರದವರು ಹೊಯಿಗೆ ಭಜನೆ ಎಂದು ಗೇಲಿ ಮಾಡಿದರು, ಆ ಹೆಸರೇ ಗಟ್ಟಿಯಾಯಿತು. ಇತ್ತ ಚಪ್ಪರದಲ್ಲಿ ಕೂರಲು ಜಾಗ ಸಾಲದಾಯಿತು, ಅತ್ತ ಮಂದಿರದಲ್ಲಿ ಶನಿವಾರ ಪೆನ್‌ಡ್ರೈವ್ ಹಾಡತೊಡಗಿತು. ಹಾಗೆಂದು ಸ್ವರ್ಣಕ್ಕ ಸನ್ಯಾಸಿನಿ ಎಂದು ಯಾರೂ ತಿಳಿಯಬೇಡಿ. ದೀಪ ಹಚ್ಚುವಾಗ ಅವಳು ಕೇಳುತ್ತಿದ್ದುದು ಮೋಕ್ಷವನ್ನಲ್ಲ. ಆ ಸುಕೇಶನನ್ನು ಒಂದು ಸಲ ನನ್ನೆದುರು ನೆಲದಲ್ಲಿ ಕೂರಿಸು ದೇವರೇ, ಊರು ನೋಡುವ ಹಾಗೆ ಕೂರಿಸು, ಎಂದು ಪ್ರತಿ ವಾರ ಕೇಳುತ್ತಿದ್ದಳು.

ಹೊಸ ಮಂದಿರ ಎದ್ದು ನಿಂತಿತು. ಪ್ರವೇಶಕ್ಕೆ ಏಕಾಹ ಭಜನೆ ಇಟ್ಟರು. ಸೂರ್ಯ ಹುಟ್ಟುವಾಗ ದೀಪ ಹಚ್ಚಿದರೆ ಮರುದಿನ ಸೂರ್ಯ ಹುಟ್ಟುವ ತನಕ ಅಲ್ಲಿ ಹಾಡು ನಿಲ್ಲಬಾರದು. ಒಂದು ತಂಡದ ತಾಳ ಇನ್ನೊಂದು ತಂಡದ ಕೈಗೆ ಹೋಗಬೇಕು. ತಾಳ ತೆಗೆದುಕೊಂಡವನು ಹಾಡನ್ನೂ ಎತ್ತಿಕೊಳ್ಳಬೇಕು, ಮತ್ತೊಬ್ಬ ಬರುವವರೆಗೆ ಏಳುವಂತಿಲ್ಲ. ನಡುವೆ ಕಡಿದರೆ ಊರಿಗೇ ಕೇಡು ಎಂದು ಎಲ್ಲರಿಗೂ ಹೆದರಿಕೆ. ದೂಮಣ್ಣ ಇದ್ದಷ್ಟು ಕಾಲ ಒಮ್ಮೆಯೂ ಕಡಿದದ್ದಿಲ್ಲ.

ಸುಕೇಶ್ ತಾನೇ ಮನೆಗೆ ಬಂದ. ಊರು ಒಟ್ಟಾಗಿದೆ ಎಂದು ನಾಯಕರಿಗೆ ಕಾಣಬೇಕು, ಹೊಯಿಗೆಯವರೂ ಬರಬೇಕು, ನಿಮಗೆ ಅವರ ಕೈಯಿಂದಲೇ ಸನ್ಮಾನ ಮಾಡಿಸುತ್ತೇವೆ ಎಂದ. ಅವರು ಬರುವುದು ಸಂಜೆಗೆ, ಆ ಪಾಳಿ ನಿಮಗೆ. ಭಾಷಣದ ಹೊತ್ತಿಗೆ ಬಾಯೊಳಗೇ ಹೇಳಿಕೊಂಡರೆ ಸಾಕು ಎಂದೂ ಸೇರಿಸಿದ. ಸ್ವರ್ಣಕ್ಕ ಮೀನಿನ ಕತ್ತಿ ತೊಳೆಯುತ್ತಾ, "ಆಯ್ತು, ಬರ್ತೇವೆ" ಎಂದಳು. ಇಷ್ಟು ಬೇಗ ಒಪ್ಪಿದಳಲ್ಲ ಎಂದು ಅವನಿಗೆ ಸಂಶಯ ಬರಬೇಕಿತ್ತು. ಬರಲಿಲ್ಲ.

ಅಂದು ಸಂಜೆ ಅವಳ ತಂಡ ದೀಪದ ಸುತ್ತ ಕೂತಿತು. ಅವಳು ದೂಮಣ್ಣನ ತಾಳವನ್ನೇ ತಂದಿದ್ದಳು. ಎತ್ತಿಕೊಂಡದ್ದು ಅವನು ಅಂದು ಅರ್ಧಕ್ಕೆ ಬಿಟ್ಟ ಹಾಡನ್ನೇ. ಕಾರು ಬಂತು, ನಾಯಕ ಬಂದ. ಹಿಂದೆ ದೇವರು ಕಾಣಬೇಕೆಂದು ಫೋಟೋದವರು ಅವನನ್ನು ದೀಪದ ಪಕ್ಕದಲ್ಲೇ ನಿಲ್ಲಿಸಿದ್ದರು. ಭಜನೆಯ ಮೈಕ್ ಆರಿಸಿ ನಾಯಕನ ಕೈಗೆ ಬೇರೆ ಮೈಕ್ ಕೊಟ್ಟರು. ಅಲ್ಲೇ ತಪ್ಪಿದ್ದು. ವರ್ಷಗಟ್ಟಲೆ ಕಡಲಿನ ಎದುರು ಕೂತು ಹಾಡಿದ ಹೆಂಗಸರಿಗೆ ಮೈಕ್ ಏಕೆ? ನಾಯಕ "ಬಂಧುಗಳೇ" ಎಂದ. ಅವನ ಮೈಕಿನೊಳಗೆ ಲಕ್ಕವ್ವನ ಸ್ವರ ನುಗ್ಗಿ ಊರಿನ ನಾಲ್ಕೂ ಕಡೆಯ ಸ್ಪೀಕರ್ ಪೆಟ್ಟಿಗೆಗಳಿಂದ ಹೊರಬಿತ್ತು. ಮತ್ತೊಮ್ಮೆ "ಬಂಧುಗಳೇ" ಎಂದ, ಅದೂ ಮುಳುಗಿತು. ಜನ ಸೆರಗು, ಕರ್ಚೀಫು ಬಾಯಿಗೆ ಒತ್ತಿಕೊಂಡರು. ನಾಯಕ ದೇವರಿಗೊಂದು ಕೈ ಮುಗಿದು, ಸುಕೇಶನನ್ನು ಸುಟ್ಟುಬಿಡುವ ಹಾಗೆ ನೋಡಿ, ಮೆಟ್ಟಿಲಿಳಿದ.

ಸುಕೇಶ್ ಅವಳ ಹತ್ತಿರ ಬಗ್ಗಿದ. "ಸ್ವರ್ಣಕ್ಕ, ನಿಲ್ಲಿಸಿ. ನನ್ನ ಮರ್ಯಾದೆ ಹೋಗ್ತಾ ಉಂಟು."

ಅವಳು ಪಲ್ಲವಿ ಮುಗಿಸಿದಳು. ಇನ್ನು ಕೊನೆಯ ಚರಣ. ತಾಳವನ್ನು ಅವನ ಕೈಗೆ ತುರುಕಿ, "ನಿಲ್ಲಿಸಿದೆ. ಇನ್ನು ನೀನು ಹೇಳು" ಎಂದು ಎದ್ದುಬಿಟ್ಟಳು. ಅವಳ ಹಿಂದೆ ತಂಡವೂ ಎದ್ದಿತು. ಮುಂದಿನ ಪಾಳಿಯ ಕಾರ್ಕಳದ ತಂಡವನ್ನು, ಹೇಗೂ ಭಾಷಣ ಉಂಟಲ್ಲ ಎಂದು, ಸುಕೇಶನೇ ಊಟಕ್ಕೆ ಕಳಿಸಿದ್ದ. ಹೊರಗೆ ಕಾರು ಸ್ಟಾರ್ಟ್ ಆಯಿತು. ಓಡಿ ಹೋಗಿ ನಾಯಕನ ಕಾಲು ಹಿಡಿಯಬೇಕೋ, ಹಾಡು ಹಿಡಿಯಬೇಕೋ? ಊರೆಲ್ಲ ಅವನ ಕೈಯ ತಾಳವನ್ನೇ ನೋಡುತ್ತಿತ್ತು. ಸುಕೇಶ್ ರೇಷ್ಮೆ ಪಂಚೆ ಮುದುಡಿಕೊಂಡು ನೆಲದಲ್ಲಿ ಕೂತ.

ಚರಣ ಎತ್ತಿಕೊಂಡ. ಮರೆತಿರಲಿಲ್ಲ ಪಾಪಿ. ದೇವರ ಹೆಸರಿನ ಹತ್ತಿರ ಬರುವಾಗ ಬಾಯಿ ತೆರೆದರೂ ಸ್ವರ ಬರಲಿಲ್ಲ. ಮೆಟ್ಟಿಲಿನಲ್ಲಿ ನಿಂತ ಸ್ವರ್ಣಕ್ಕನ ಎದೆ ಹಿಗ್ಗಿತು. ಕಡಿಯಲಿ, ಇವನ ಅಧ್ಯಕ್ಷತೆಯಲ್ಲೇ ಕಡಿಯಲಿ, ಸಾಯುವ ತನಕ ಭಜನೆ ಕಡಿಸಿದವನೆಂಬ ಹೆಸರು ಹೊತ್ತುಕೊಂಡು ತಿರುಗಲಿ. ಆದರೆ ತಾಳ ನಿಂತಿರಲಿಲ್ಲ. ಎರಡು ಗಟ್ಟಿ, ಒಂದು ಮೆಲ್ಲಗೆ, ಥೇಟ್ ದೂಮಣ್ಣನ ಪೆಟ್ಟು. ಈ ಹಾಳಾದವನ ಕೈಯಲ್ಲಿ ಅವಳ ಗಂಡ ಇನ್ನೂ ಬಾರಿಸುತ್ತಿದ್ದ. ಅವನ ಹಾಡು ಎರಡನೇ ಸಲ ಕಡಿಯುವುದನ್ನು ಅವಳಿಂದ ನೋಡಲಾಗಲಿಲ್ಲ. ನಿಂತಲ್ಲಿಂದಲೇ ಕೊನೆಯ ಸಾಲು ಎತ್ತಿ, ದೇವರ ಹೆಸರು ಹೇಳಿ ಮುಗಿಸಿದಳು.

ಮುಗಿಸಿ ಒಳಗೆ ಹೋಗಿ ತಾಳ ತೆಗೆದುಕೊಂಡಳು ಎಂದುಕೊಂಡಿರಾ? ಇಲ್ಲ. ಅಲ್ಲೇ ನಿಂತು ಇನ್ನೊಂದು ಹಾಡು ಎತ್ತಿದಳು, ಆಮೇಲೆ ಮತ್ತೊಂದು. ಕಾರ್ಕಳದವರು ಪಾಯಸ ಮುಗಿಸಿ ಕೈ ತೊಳೆದು ಬರುವ ತನಕ ಅಧ್ಯಕ್ಷರು ನೆಲದಲ್ಲಿ ಕೂತು ಮೀನು ಮಾರುವ ಹೆಂಗಸಿನ ಹಾಡಿಗೆ ತಾಳ ಹಾಕಿದರು.

ಎರಡು ದಿನ ಬಿಟ್ಟು ಸುಕೇಶ್ ಆ ತಾಳವನ್ನು ಸನ್ಮಾನದ ಜರಿ ಶಾಲಿನಲ್ಲಿ ಸುತ್ತಿ ಕಳಿಸಿಕೊಟ್ಟ. ತಾಳ ಚಪ್ಪರಕ್ಕೆ ಹೋಯಿತು. ಶಾಲು ಈಗ ಅವಳ ಬುಟ್ಟಿಯಲ್ಲಿ ಬಂಗುಡೆಗೆ ನೊಣ ಕೂರದ ಹಾಗೆ ಮುಚ್ಚಿಕೊಂಡಿದೆ. ಮಾರುಕಟ್ಟೆಗೆ ಹೋಗಲು ಸುಕೇಶನ ಮನೆಯ ದಾರಿ ಸುತ್ತು. ಆದರೂ ಅವಳು ದಿನಾ ಅದೇ ದಾರಿಯಲ್ಲಿ ಹೋಗಿ, ಅವನ ಗೇಟಿನ ಎದುರು ಬುಟ್ಟಿ ಇಳಿಸಿ, ಶಾಲನ್ನು ಕೊಡವಿ ಮತ್ತೆ ಹೊದೆಸುತ್ತಾಳೆ.