ಕ್ಲಚ್ಚಿಲ್ಲದ ಪಿಕಪ್ಪು, ಕೀಲಿ ಬಿಡದ ಕಾಕಾ

"ಕ್ಲಚ್ ಪ್ಲೇಟ್ ಹೋಗೇತಿ," ಅಂದರು ಮೆಕ್ಯಾನಿಕ್ ಮಕ್ಬೂಲ್ ಚಾಚಾ, ನಮ್ಮ ಪಿಕಪ್ಪಿನ ಕೆಳಗಿನಿಂದ ತಲೆ ಹೊರಗೆ ಹಾಕಿ.

"ಚಾಚಾ, ಈ ಗಾಡಿಗೆ ಕ್ಲಚ್ಚ ಇಲ್ಲಲ್ರಿ?" ಅಂದೆ.

"ಮತ್ತ? ಹೋಗೇತಿ ಅಂತ ಅದನ್ನ ಹೇಳಿದ್ನಲ್ಲವಾ!"

ಬೈಲಹೊಂಗಲದಲ್ಲಿ ಚಾಚಾನ ಜೊತೆ ವಾದ ಮಾಡಿ ಗೆದ್ದವರು ಯಾರಾದರೂ ಇದ್ದರೆ ನನಗೆ ಪತ್ರ ಬರೆಯಿರಿ.

ತಪ್ಪು ಅವರದೂ ಅಲ್ಲ. ಗೋವಾದಲ್ಲಿ ಹರಾಜಿಗೆ ಬಂದಿದ್ದ ಹಳೆಯ ಜಪಾನಿ ಪಿಕಪ್ ಅದು, ನನ್ನ ಕಾಕಾ ತಂದದ್ದು. ಆಟೋಮ್ಯಾಟಿಕ್. ಕಾಲಿಗೆ ಎರಡೇ ಪೆಡಲ್. ಗೇರ್ ತನ್ನಷ್ಟಕ್ಕೆ ತಾನೇ ಬದಲಾಗುತ್ತದೆ. ಬಂದ ದಿನ ಊರಿನವರೆಲ್ಲ ಹೊಸ ಸೊಸೆಯನ್ನು ನೋಡುವಂತೆ ಸುತ್ತುಗಟ್ಟಿ ನೋಡಿದ್ದರು. ಮೂರನೆಯ ಪೆಡಲನ್ನು ದಾರಿಯಲ್ಲಿ ಯಾರೋ ಕದ್ದಿದ್ದಾರೆ ಎಂದೂ ಒಬ್ಬ ಹೇಳಿದ.

ಹೂಲಿಯ ಸುತ್ತಲಿನ ಹಳ್ಳಿಗಳ ಹಾಲನ್ನು ಸವದತ್ತಿಯ ಹೋಟೆಲುಗಳಿಗೆ ಮುಟ್ಟಿಸುವುದು ಕಾಕಾನ ಉದ್ಯೋಗ. ಕೆಲವು ದಿನಗಳಿಂದ ದಿಬ್ಬ ಏರುವಾಗ ಎಂಜಿನ್ ಒದರುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಬರೀ ಸದ್ದು. (ನಮ್ಮ ಪುಢಾರಿಗಳ ಭಾಷಣದ ಹಾಗೆ.) ಕಳೆದ ವಾರ ದಾರಿಯಲ್ಲೇ ಹಾಲು ಒಡೆಯಿತು. ದೊಡ್ಡ ಹೋಟೆಲಿನ ಮಾಲೀಕರು ಮುಖಕ್ಕೇ ಹೇಳಿಬಿಟ್ಟರು: "ಇನ್ನೊಮ್ಮೆ ಹಿಂಗಾದ್ರ ಬ್ಯಾರೇದವ್ರ ಹಾಲು ಹಚ್ಕೋತೇನಿ ನೋಡ್ರಿ."

ಆಗ ಕಾಕಾನಿಗೆ ನಾನು ನೆನಪಾದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಬಿ.ಎ., ಇತಿಹಾಸ. ಆದರೇನು? ಮಾತ್ರೆಯ ಮೇಲಿನ ಹೆಸರು ಓದಬೇಕು, ಎಮ್ಮೆ ಯಾಕೆ ಮೇವು ಬಿಟ್ಟಿದೆ ಎಂದು ಹೇಳಬೇಕು, ಈಗ ಗಾಡಿ.

"ಇಷ್ಟ ವರ್ಷ ಸಾಲಿ ಕಲ್ತೀಯವಾ, ಗಾಡಿ ಯಾಕ ಏರವಲ್ದು ಅಂತ ತಿಳಿಯಂಗಿಲ್ಲ?" ಅಂದ ಕಾಕಾ.

ಇತಿಹಾಸ ಓದಿದವಳು ಎಂದು ಜಾರಿಕೊಳ್ಳಬಹುದಿತ್ತು. ಹೆಮ್ಮೆ ಬಿಡಬೇಕಲ್ಲ! ಹುಬ್ಬಳ್ಳಿಯಲ್ಲಿ ಪರದೇಶದ ಕಾರು ರಿಪೇರಿ ಮಾಡುವ ಗೆಳತಿಯ ಅಣ್ಣನಿಗೆ ಚಾಚಾನ ಗ್ಯಾರೇಜಿನ ಎದುರಿನ ಎಸ್‌ಟಿಡಿ ಬೂತಿನಿಂದ ಫೋನ್ ಹಚ್ಚಿದೆ. ಮೊದಲು ಗೇರ್ ಬಾಕ್ಸಿನ ಎಣ್ಣೆ ನೋಡಿ ಅಂದ.

"ನೋಡೇವ್ರಿ. ಅಳತಿ ಕಡ್ಡಿ ತುಂಬ ಐತಿ."

"ಎಂಜಿನ್ ಚಾಲೂ ಇಟ್ಟು ನೋಡೀರೇನ್ರಿ?"

ಚಾಲೂ? ಗಾಡಿ ನಿಲ್ಲುವ ಮೊದಲೇ ಕೀಲಿ ತಿರುವುವ ಮನುಷ್ಯ ನಮ್ಮ ಕಾಕಾ! ಓಡಿ ಬಂದು ಎಂಜಿನ್ ಹಚ್ಚಿಸಿದೆ. "ಸುಮ್ ಸುಮ್ನ ಡೀಸೆಲ್ ಸುಡಾಕತ್ತೀರಿ" ಎಂದು ಕಾಕಾ ಗೊಣಗುತ್ತಿರುವಾಗ ಚಾಚಾ ಅಳತೆ ಕಡ್ಡಿ ಎಳೆದರು. ಎಣ್ಣೆ ಗುರುತಿನಿಂದ ಎಷ್ಟೋ ಕೆಳಗಿತ್ತು. ಕೆಂಪಗಿರಬೇಕಾದದ್ದು ಕರ್ರಗಾಗಿತ್ತು. ಚಾಚಾ ಮೂಸಿ ನೋಡಿ ಮುಖ ಕಿವುಚಿದರು: "ಒಗ್ಗರಣಿ ಸೀದಂಗ ನಾರತೈತಿ."

ಮತ್ತೆ ಬೂತಿಗೆ ಹೋದೆ. ಈ ಸಲ ಆತ ಕೇಳಿದ್ದು ಒಂದೇ ಮಾತು: "ಇಳುಕಲಿನ್ಯಾಗ ಎಂಜಿನ್ ಬಂದ್ ಮಾಡಿ ಗಾಡಿ ಬಿಡ್ತಾರೇನ್ರಿ?"

ನಮ್ಮ ಕಡೆ ಯಾರು ಬಿಡುವುದಿಲ್ಲ ಹೇಳಿ? ದಿಬ್ಬದ ತುದಿ ಮುಟ್ಟಿದ ಕೂಡಲೇ ನ್ಯೂಟ್ರಲ್, ಕೀಲಿ ಬಂದ್, ಮುಂದಿನದು ದೇವರಿಗೆ ಬಿಟ್ಟದ್ದು. ಇಳಿಜಾರು ಪುಕ್ಕಟೆ ಸಿಕ್ಕಿರುವಾಗ ಡೀಸೆಲ್ ಯಾಕೆ ಸುಡಬೇಕು? ಸಾದಾ ಗಾಡಿ ಇದನ್ನು ಹೇಗೋ ತಡೆದುಕೊಳ್ಳುತ್ತದೆ. (ಪಕ್ಕದಲ್ಲಿ ಕುಳಿತವರ ಎದೆ ತಡೆಯುವುದಿಲ್ಲ, ಆ ಮಾತು ಬೇರೆ.) ಆಟೋಮ್ಯಾಟಿಕ್ ತಡೆಯುವುದಿಲ್ಲ. ಎಂಜಿನ್ ತಿರುಗುತ್ತಿದ್ದರೆ ಮಾತ್ರ ಅದರ ಗೇರ್ ಬಾಕ್ಸಿನೊಳಗೆ ಎಣ್ಣೆ ಓಡಾಡುತ್ತದೆ. ಆರಿಸಿ ಉರುಳಲು ಬಿಟ್ಟರೆ ಒಳಗಿನದೆಲ್ಲ ಒಣ ಒಣ ತಿಕ್ಕಾಡಿ ಸೀಯುತ್ತದೆ. ಆಮೇಲೆ ಏರುವಾಗ ಹಿಡಿತವೇ ಸಿಗುವುದಿಲ್ಲ.

ಬಂದವಳೇ, ಪದವೀಧರೆಯ ಗತ್ತಿನಲ್ಲಿ ತೀರ್ಪು ಕೊಟ್ಟೆ. "ಕಾಕಾ, ಗಾಡಿ ಕೆಡಿಸಿದ್ದು ನಿನ್ನ ಜೀನತನ."

ಕಾಕಾ ಹೆಗಲ ಮೇಲಿನ ಟವೆಲ್ಲಿಗೆ ಕೈ ಒರೆಸಿಕೊಂಡ. "ಹೌದವಾ. ಹಳೇ ಟೆಂಪೋದಾಗ ಅದ ಇಳುಕಲಿನ್ಯಾಗ ಡೀಸೆಲ್ ಉಳಿಸೇ ನಿನ್ನ ಕಾಲೇಜ್ ಫೀ ತುಂಬೇನಿ. ಆವಾಗ ಜೀನತನ ಅನ್ಲಿಲ್ಲ ನೀ."

ಚಾಚಾ ಸದ್ದಿಲ್ಲದೆ ಮತ್ತೆ ಗಾಡಿಯ ಕೆಳಗೆ ಸರಿದರು. ನನಗೆ ಅಲ್ಲಿ ಜಾಗವಿರಲಿಲ್ಲ.

ಎಣ್ಣೆ ಸೋರುತ್ತಿದ್ದ ಗೇರ್ ಬಾಕ್ಸಿನ ಸೀಲ್ ಬದಲಾಯಿತು. ಹುಬ್ಬಳ್ಳಿಯಿಂದ ತರಿಸಿದ ಕೆಂಪು ಎಣ್ಣೆ ಒಳಗೆ ಹೋಯಿತು. ಎಂಜಿನ್ ಆರಿಸದಿದ್ದರೆ ಗಾಡಿ ಉಳಿದೀತು ಎಂಬುದು ಗೆಳತಿಯ ಅಣ್ಣ ಫೋನಿನಲ್ಲಿ ಹೇಳಿದ ಕೊನೆಯ ಮಾತು. ಮರುದಿನ ಬೆಳಿಗ್ಗೆ ಹಾಲಿನ ಕ್ಯಾನುಗಳ ಜೊತೆ ನಾನೂ ಹೊರಟೆ, ಕಾವಲಿಗೆ. ಗಾಡಿ ದಿಬ್ಬ ಏರಿತು. ತುದಿ ಮುಟ್ಟಿತೋ ಇಲ್ಲವೋ, ಕಾಕಾನ ಕೈ ಕೀಲಿಯ ಕಡೆಗೆ.

"ನೋಡಾಕತ್ತೇನಿ, ಕಾಕಾ."

"ಕೈ ಕಡೀತೈತವಾ, ಏನ್ ಮಾಡ್ಲಿ?"

ಕೈ ಸ್ಟೀರಿಂಗಿಗೆ ಮರಳಿತು. ಇಳಿಯುವ ಉದ್ದಕ್ಕೂ ಆತ ನರಳಿದ್ದನ್ನು ನೋಡಿದ್ದರೆ, ಡೀಸೆಲನ್ನು ಅವನ ಮೈಯಿಂದಲೇ ಬಸಿಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದಿರಿ. ಹಾಲು ಹೊತ್ತಿಗೆ ಸರಿಯಾಗಿ ಮುಟ್ಟಿತು. ಹೋಟೆಲ್ ಮಾಲೀಕರು ಕ್ಯಾನ್ ಒಳಗೆ ತೆಗೆದುಕೊಂಡು, "ನಾಳೇನೂ ಇಷ್ಟೊತ್ತಿಗೇ ಬರ್ರಿ" ಅಂದರು.

ಆದರೆ ಕಡಿಯುವ ಕೈ ಸುಮ್ಮನಿರುತ್ತದೆಯೇ? ಗಾಡಿಯಲ್ಲಿ ಆರಿಸಲಾಗದ್ದನ್ನು ಈಗ ಮನೆಯಲ್ಲಿ ಆರಿಸುತ್ತಿದೆ. ಈ ಅಂಕಣ ಬರೆದು ಮುಗಿಸುವುದರೊಳಗೆ ಎರಡು ಸಲ ಲೈಟ್ ಹೋಯಿತು.

ಕರೆಂಟ್ ಹೋಗಿರಲಿಲ್ಲ, ಕಾಕಾ ಬಂದಿದ್ದ.