ಡಾಕ್ಟರ್ ಓಡಿಸಿದ ಕಾರು

ತ್ರಿಪ್ಲಿಕೇನಿನ ಹಳೆ ಪುಸ್ತಕದಂಗಡಿಯಲ್ಲಿ ವಿಚಿತ್ರವಾದೊಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಸಿಕ್ಕಿತು. ಕೊಲೆಗಾರ ಓಡಿಸಿಕೊಂಡು ಹೋದ ಕಾರನ್ನು ಅದರಲ್ಲೊಬ್ಬ ದಲ್ಲಾಳಿ ‘ಡಾಕ್ಟರ್ ಜೋಪಾನವಾಗಿ ಓಡಿಸಿದ್ದು’ ಎಂದು ಹೊಗಳಿ ಮಾರುತ್ತಾನೆ. ನಮ್ಮಪ್ಪನೂ ಅದೇ ಮಾತು ಹೇಳಿ ಹಳೆ ಕಾರು ಮಾರಿಸುವ ದಲ್ಲಾಳಿ. ಇಂಗ್ಲಿಷ್ ಓದಲು ಬಾರದ ಅವರಿಗೆ ಸಂಜೆಹೊತ್ತು ಕನ್ನಡದಲ್ಲಿ ಕಥೆ ಹೇಳುತ್ತಾ ಹೋದೆ. ಕಾಲೇಜಿನ ಚರ್ಚಾಸ್ಪರ್ಧೆಗಳ ಚಟ ಮನೆಯಲ್ಲೂ ಬಿಟ್ಟಿರಲಿಲ್ಲ.

“ದಲ್ಲಾಳಿಯೇ ಕೊಂದಿರೋದು, ಅಪ್ಪಾ. ಅಷ್ಟು ಸುಳ್ಳು ಹೇಳೋನು ಏನು ತಾನೇ ಮಾಡಲ್ಲ?”

“ಅದು ಸುಳ್ಳಲ್ಲ ಕಣೋ, ವ್ಯಾಪಾರದ ಮಾತು. ನಮ್ಮೋನು ಅಂಥವನಲ್ಲ,” ಎಂದರು ಅಪ್ಪ, ಮುಖ ಸಣ್ಣದು ಮಾಡಿಕೊಂಡು.

ಕೊನೆಯ ಪುಟದಲ್ಲಿ ಕೊಂದವನು ದಲ್ಲಾಳಿಯೇ ಆಗಿದ್ದ. ಅಪ್ಪ ಕಾಫಿ ಲೋಟ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು.

“ಡಾಕ್ಟರೇ ಕೊಂದದ್ದು, ಅಪ್ಪಾ,” ಎಂದೆ.

“ಪಾತ್ತಿಯಾ, ನೋಡಿದ್ಯಾ! ಹಾಗಾದ್ರೆ ಅದು ನಿಜವಾಗ್ಲೂ ಡಾಕ್ಟರ್ ಓಡಿಸಿದ ಕಾರೇ!”