ಕುಶಾಲಪ್ಪ ಅರ್ಥ ಹೇಳದ ಶಬ್ದ

ಅರಂತೋಡಿನ ದಿನಸಿ ಅಂಗಡಿಯ ಕುಶಾಲಪ್ಪ ಓದಿದ್ದು ಎಂಟನೆಯ ತರಗತಿ. ಆದರೂ ದಿನಕ್ಕೆ ಐದು ಕಠಿಣ ಇಂಗ್ಲಿಷ್ ಶಬ್ದ ಕಲಿಯುವ ಹುಚ್ಚು ಅವರಿಗೆ ಹನ್ನೊಂದು ವರ್ಷದಿಂದ ಇತ್ತು. ದಪ್ಪ ಶಬ್ದಕೋಶದಲ್ಲಿ ಬೆರಳು ಇಳಿಸುತ್ತ ಹೋಗಿ, ಅರ್ಥ ಸಿಕ್ಕಿದೊಡನೆ ಹೆಂಡತಿ ಪೂವಮ್ಮನಿಗೆ ಗಟ್ಟಿಯಾಗಿ ಹೇಳುತ್ತಿದ್ದರು. ಆಕೆ ಅಕ್ಕಿ ಕೇರುತ್ತ ಕೇಳುತ್ತಿದ್ದಳು.

"ಬೆಲ್ಲ ತೂಗುದಕ್ಕೆ ಇಷ್ಟು ಇಂಗ್ಲಿಷು ಎಂತಕ್ಕೆ ಮಾರಾಯ್ರೆ?" ಎಂದು ಗಿರಾಕಿಗಳು ಕೆಣಕಿದರೆ, "ಬೆಲ್ಲಕ್ಕಲ್ಲ, ನಿಮ್ಮ ಬಾಯಿ ಮುಚ್ಚಿಸುದಕ್ಕೆ" ಎನ್ನುತ್ತಿದ್ದರು.

ಅರವತ್ತೆರಡನೆಯ ಇಸವಿಯಲ್ಲಿ ಅವರ ಗಂಟಲಲ್ಲಿ ಗಡ್ಡೆ ಎದ್ದಿತು. ಸುಳ್ಯದ ಡಾಕ್ಟರು ಮಂಗಳೂರಿನ ಆಸ್ಪತ್ರೆಗೆ ಕಾಗದ ಬರೆದು, ಲಕೋಟೆ ಅಂಟಿಸಿ, ಒಡೆಯಬೇಡಿ ಎಂದು ಹೇಳಿ ಕೊಟ್ಟರು. ಅಂಗಡಿಗೆ ಮರಳಿದ ಕುಶಾಲಪ್ಪ ಮೊದಲು ಮಾಡಿದ್ದೇ ಅದನ್ನು ಒಡೆದದ್ದು.

ಕಾಗದದ ಶಬ್ದಗಳೆಲ್ಲ ಅವರಿಗೆ ಗೊತ್ತಿದ್ದವು, ಒಂದನ್ನು ಬಿಟ್ಟು. ಶಬ್ದಕೋಶ ತೆರೆದರು. ಬೆರಳು ಸಾಲಿನಿಂದ ಸಾಲಿಗೆ ಇಳಿದು ಪುಟದ ನಡುವೆ ನಿಂತಿತು. ಪೂವಮ್ಮ ಅರ್ಥಕ್ಕೆ ಕಾದಳು. ಅವರು ಪುಸ್ತಕ ಮುಚ್ಚಿದರು.

"ಎಂತ ಅಂತೆ?"

"ಆ ಶಬ್ದ ಇದರಲ್ಲಿ ಇಲ್ಲ."

ಶಬ್ದ ಸಿಗದ ದಿನ ಅವರು ಪುಸ್ತಕ ಬರೆದವನನ್ನು ಬೈಯದೆ ಬಿಟ್ಟದ್ದೇ ಇಲ್ಲ. ಇವತ್ತು ಬೈಯಲಿಲ್ಲ.

"ದೀಪಾವಳಿಯ ವ್ಯಾಪಾರ ಮುಗಿಯಲಿ. ಮತ್ತೆ ಮಂಗಳೂರಿಗೆ ಹೋಗುವ" ಎಂದರು.

ಪೂವಮ್ಮ ಮೊರ ಕೆಳಗಿಟ್ಟು, ಎದ್ದು, ಅಂಗಡಿಯ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಹಾಕತೊಡಗಿದಳು.

"ಎಂತ ಮಾಡುದು ಮಾರಾಯ್ತಿ ನೀನು?"

"ಮಧ್ಯಾಹ್ನದ ಬಸ್ಸು ಉಂಟು. ಅಂಗಿ ಹಾಕಿಕೊಳ್ಳಿ."

ಎಲ್ಲದಕ್ಕೂ ವಾದ ಹೂಡುವ ಮನುಷ್ಯ ಸುಮ್ಮನೆ ಎದ್ದು ಅಂಗಿಗೆ ಕೈ ಹಾಕಿದರು. ಅದನ್ನು ಕಂಡ ಪೂವಮ್ಮ ಹಣದ ಪೆಟ್ಟಿಗೆಯಲ್ಲಿ ಇದ್ದದ್ದನ್ನೆಲ್ಲ ಸೆರಗಿಗೆ ಕಟ್ಟಿಕೊಂಡಳು.